ಹತ್ತೊಂಬತ್ತು ಚೆಕ್ ಡಬ್ಬಿಗಳ ಮೌನಪ್ಪ

ಬೆಳಗಿನ ಆರೂ ಕಾಲು. ಮೆಹದಿಪಟ್ಟಣಂ ಮೇಲ್ಸೇತುವೆಯ ಕೆಳಗೆ ಹಾಲಿನ ವ್ಯಾನುಗಳು ಕ್ರೇಟು ಇಳಿಸುತ್ತಿವೆ. ಎದುರಿನ ಇರಾನಿ ಹೋಟೆಲಿನವರು ಷಟರನ್ನು ಅರ್ಧಕ್ಕೆ ಎತ್ತಿ ಮೊದಲ ಚಹಾ ಸೋಸುತ್ತಿದ್ದಾರೆ. ಕಾರ್ಖಾನೆಗೆ ಹೊರಟವರು ಬುತ್ತಿ ಚೀಲ ಹಿಡಿದು ಬಸ್ಸಿಗೆ ಕತ್ತು ಚಾಚಿ ನಿಂತಿದ್ದಾರೆ. ಈ ಗಡಿಬಿಡಿಯ ನಡುವೆ ಒಂದು ಹಳೆಯ ಮೊಪೆಡ್ ಖಾಸಗಿ ಬ್ಯಾಂಕೊಂದರ ಎಟಿಎಂ ಮುಂದೆ ಬಂದು ನಿಲ್ಲುತ್ತದೆ. ನಲವತ್ತೇಳು ವರ್ಷದ ಮೌನಪ್ಪ ಇಳಿಯುತ್ತಾರೆ. ಕುರ್ಚಿಯಲ್ಲಿ ತೂಕಡಿಸುತ್ತಿರುವ ಕಾವಲುಗಾರನಿಗೆ ಸಲಾಂ ಹೇಳಿ, ಸೊಂಟದ ಕೀಲಿ ಗೊಂಚಲಿನಿಂದ ಒಂದನ್ನು ಆರಿಸಿ, ಗೋಡೆಗೆ ಬಡಿದ ಉಕ್ಕಿನ ಪೆಟ್ಟಿಗೆಯ ಮುಂದೆ ಮೊಣಕಾಲೂರುತ್ತಾರೆ.

ಕ್ರೆಡಿಟ್ ಕಾರ್ಡ್ ಬಿಲ್ಲಿನ ಚೆಕ್ಕುಗಳನ್ನು ಇದರಲ್ಲಿ ಹಾಕಿ ಎಂದು ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಬರೆದಿದೆ. ಜನ ಇಷ್ಟು ಸ್ಪಷ್ಟವಾದ ಮಾತನ್ನೂ ಕೇಳುವುದಿಲ್ಲ. ಇವತ್ತು ಒಳಗೆ ಹನ್ನೊಂದು ಚೆಕ್ಕು, ಮೂರು ಬಸ್ ಟಿಕೆಟು, ಮೂಲವ್ಯಾಧಿ ಔಷಧದ ಒಂದು ಕರಪತ್ರ, ಯಾರೋ ಚಹಾ ಕುಡಿದು ಮಡಚಿ ತುರುಕಿದ ಕಾಗದದ ಕಪ್ಪು ಸಿಕ್ಕಿವೆ. ಕಪ್ಪಿನ ತಳದ ಚಹಾ ಒಂದು ಚೆಕ್ಕಿನ ಮೂಲೆಗೆ ತಾಗಿದೆ. ಮೌನಪ್ಪ ಅದನ್ನು ಅಂಗಿಯ ತುದಿಯಿಂದ ಒತ್ತಿ ಒರೆಸುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ. ಸಹಿಗೆ ಏನೂ ಆಗಿಲ್ಲ.

“ಇದರಾಗ ಕಪ್ಪ ಹಾಕಿದಾಂವ ಮನಿಗ್ ಹೋಗಿ ಆರಾಮ ಮಲಗ್ಯಾನ್ರಿ. ಚೆಕ್ ರಿಜೆಕ್ಟ್ ಆದ್ರ ಬೈಗುಳ ನನಗ ಬರ್ತಾವ” ಎನ್ನುತ್ತಾರೆ. ಎರಡು ಸಲ ಎಣಿಸಿ, ಚೆಕ್ಕುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಒತ್ತುತ್ತಾರೆ. ಫೋನಿನಲ್ಲಿ ಸಮಯ ನೋಡಿ, ಜೇಬಿನ ಸಣ್ಣ ಡೈರಿಯಲ್ಲಿ ಡಬ್ಬಿಯ ನಂಬರು, ಆರು ಹದಿನೆಂಟು, ಹನ್ನೊಂದು ಎಂದು ಬರೆದು ಮೊಪೆಡ್ ಹತ್ತುತ್ತಾರೆ. ಅವರ ಬಾಯಲ್ಲಿ ಅದು ಪೆಟ್ಟಿಗೆಯಲ್ಲ, ಡಬ್ಬಿ. ಇನ್ನೂ ಹದಿನೆಂಟು ಡಬ್ಬಿ ಬಾಕಿ ಇವೆ.

ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಈಗಲೂ ಚೆಕ್ಕಿನಲ್ಲಿ ಕಟ್ಟುವವರಿದ್ದಾರೆಯೇ ಎಂದು ನನಗೂ ಅನುಮಾನವಿತ್ತು. ಇದ್ದಾರೆ. ಫೋನಿನಲ್ಲಿ ಒಟಿಪಿ ಹೇಳಿ ಒಮ್ಮೆ ಮೋಸಹೋದವರು, ಆ್ಯಪ್ ಎಂದರೆ ಬೆದರುವ ನಿವೃತ್ತರು, ಎಲ್ಲದಕ್ಕೂ ಕಾಗದದ ಗುರುತು ಬೇಕೆನ್ನುವ ಸಣ್ಣ ಗುತ್ತಿಗೆದಾರರು. ಹನ್ನೊಂದು ವರ್ಷದ ಹಿಂದೆ ಮೌನಪ್ಪ ಈ ಕೆಲಸಕ್ಕೆ ಸೇರಿದಾಗ ಅವರ ಪಾಲಿಗೆ ಮೂವತ್ತನಾಲ್ಕು ಡಬ್ಬಿಗಳಿದ್ದವು, ದಿನಕ್ಕೆ ಸಾವಿರದ ಮೇಲೆ ಚೆಕ್ಕು ಬೀಳುತ್ತಿದ್ದವು. ಈಗ ಹತ್ತೊಂಬತ್ತು ಡಬ್ಬಿ, ನೂರೈವತ್ತರ ಆಸುಪಾಸು ಚೆಕ್ಕು. ಡಬ್ಬಿಗಳು ಕಡಿಮೆಯಾದಂತೆ ಅವುಗಳ ನಡುವಿನ ದಾರಿ ಉದ್ದವಾಗಿದೆ. ಮೆಹದಿಪಟ್ಟಣಂನಿಂದ ಹೊರಟು ಅಮೀರ್‌ಪೇಟ್ ಸುತ್ತಿ, ಒಂಬತ್ತೂವರೆಗೆ ಬೇಗಂಪೇಟೆಯಲ್ಲಿರುವ ಬ್ಯಾಂಕಿನ ಚೆಕ್ ವಿಲೇವಾರಿ ಕೇಂದ್ರದಲ್ಲಿ ಮೊದಲ ಚೀಲಗಳನ್ನು ಒಪ್ಪಿಸಬೇಕು. ಮತ್ತೆ ಪಟಾನ್‌ಚೆರು ಕಡೆ ಓಡಿ ಮಧ್ಯಾಹ್ನ ನಾಲ್ಕರೊಳಗೆ ವಾಪಸಾಗಬೇಕು. ದಿನಕ್ಕೆ ತೊಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಸಂಬಳ ಹದಿನಾಲ್ಕೂವರೆ ಸಾವಿರ, ಪೆಟ್ರೋಲಿನ ಹಣ ಬೇರೆ. ಅವರು ಬ್ಯಾಂಕಿನ ನೌಕರರಲ್ಲ. ಬ್ಯಾಂಕು ಒಂದು ಏಜೆನ್ಸಿಗೆ ಗುತ್ತಿಗೆ ಕೊಟ್ಟಿದೆ, ಏಜೆನ್ಸಿ ಇವರನ್ನು ಇಟ್ಟುಕೊಂಡಿದೆ.

ಮೌನಪ್ಪನವರ ಊರು ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರ. ಇಪ್ಪತ್ತೆರಡನೇ ವಯಸ್ಸಿಗೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದರು. ಒಮ್ಮೆ ಮೂರನೆಯ ಅಂತಸ್ತಿನ ಸಾರವೆಯಿಂದ ಬಿದ್ದು ಬಲಭುಜದ ಮೂಳೆ ಮುರಿಯಿತು. ಅದು ಕೂಡಿತಾದರೂ ಸಿಮೆಂಟ್ ಬುಟ್ಟಿ ಎತ್ತುವ ಭುಜವಾಗಿ ಉಳಿಯಲಿಲ್ಲ. ಕೆಲವು ವರ್ಷ ಎಟಿಎಂ ಕಾವಲು ಮಾಡಿದರು. ಆಗಲೇ ಚೆಕ್ ಒಯ್ಯಲು ಬರುತ್ತಿದ್ದವರ ಪರಿಚಯವಾಗಿ ಈ ಕೆಲಸ ಸಿಕ್ಕಿತು. ಹೆಂಡತಿ ಶಂಕ್ರಮ್ಮ ಅಮೀರ್‌ಪೇಟ್‌ನ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಚಪಾತಿ ಬೇಯಿಸುತ್ತಾರೆ. ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಡೈರಿ ಬರೆಯುವ ಅಭ್ಯಾಸ ಯಾರೂ ಕಲಿಸಿದ್ದಲ್ಲ. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಎರಡು ಲಕ್ಷದ ಚೆಕ್ಕೊಂದು ಕಾಣೆಯಾಯಿತು. ಎಂಟು ದಿನ ಮೌನಪ್ಪನವರನ್ನು ಕಳ್ಳನಂತೆ ಕೂರಿಸಿ ವಿಚಾರಣೆ ಮಾಡಿದರು. ಒಂಬತ್ತನೆಯ ದಿನ ಅದು ಡಬ್ಬಿಯ ಬಾಯಿಯ ತಗಡಿನ ಸಂದಿಯಲ್ಲೇ ಸಿಕ್ಕಿಹಾಕಿಕೊಂಡಿದ್ದದ್ದು ಗೊತ್ತಾಯಿತು. ಕ್ಷಮೆ ಯಾರೂ ಕೇಳಲಿಲ್ಲ. ಅಂದಿನಿಂದ ಅವರು ಯಾವ ಡಬ್ಬಿಯನ್ನು ಯಾವ ದಿನ ಎಷ್ಟು ಗಂಟೆಗೆ ತೆಗೆದೆ, ಎಷ್ಟು ಚೆಕ್ಕು ಸಿಕ್ಕವು ಎಂದು ಬರೆಯತೊಡಗಿದರು. ಔಷಧದ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡುವ ಡೈರಿಗಳು. ಏಳು ಡೈರಿ ತುಂಬಿ ಎಂಟನೆಯದು ನಡೆಯುತ್ತಿದೆ.

ಈ ಕೆಲಸದ ದೊಡ್ಡ ಕಷ್ಟ ಬಿಸಿಲೂ ಅಲ್ಲ, ಟ್ರಾಫಿಕ್ಕೂ ಅಲ್ಲ. ಬಿಲ್ ಕಟ್ಟಲು ತಡವಾಯಿತೆಂದು ದಂಡ ಬಿದ್ದವರಿಗೆ ಬ್ಯಾಂಕಿನಲ್ಲಿ ಬೈಯಲು ಯಾರೂ ಸಿಗುವುದಿಲ್ಲ. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವ ಧ್ವನಿ ಬರುತ್ತದೆ. ಒಂಬತ್ತು ಒತ್ತಿದ ಮೇಲೂ ಮನುಷ್ಯರು ಸಿಗುವ ಖಾತ್ರಿಯಿಲ್ಲ. ಆಮೇಲೆ ಸಂಗೀತ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಕರೆ ಕಟ್ಟಾಗುತ್ತದೆ. ಇದನ್ನು ನಾನೇ ಅನುಭವಿಸಿದ್ದೇನೆ, ಹಾಗಾಗಿ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಅಂಥ ಜನ ಡಬ್ಬಿಯ ಮುಂದೆ ಮೌನಪ್ಪನವರನ್ನು ಕಂಡರೆ ಬಿಡುತ್ತಾರೆಯೇ? ಇಡೀ ಬ್ಯಾಂಕಿನಲ್ಲಿ ಅವರ ಕಣ್ಣಿಗೆ ಬೀಳುವ ಒಬ್ಬನೇ ಮನುಷ್ಯ ಇವರು.

“ಡಬ್ಬಿ ಬಿಚ್ಚೂ ಕೈ ನಂದು, ಅದಕ್ಕ ತಡ ಮಾಡಿದ್ದೂ ನಾನ ಅಂತಾರ್ರಿ. ತೆಲುಗಿನ್ಯಾಗ ಬೈತಾರ, ಹಿಂದಿಯಾಗ ಬೈತಾರ. ಭಾಳ ಸಿಟ್ಟ ಬಂದಾವ್ರು ಇಂಗ್ಲಿಷಿನ್ಯಾಗ ಬೈತಾರ. ಅದಷ್ಟ ನನಗ ತಿಳಿಯಂಗಿಲ್ಲ, ಆರಾಮ ಅನ್ನಸ್ತೈತಿ.”

ಬೈಗುಳ ತಿನ್ನುವ ಈ ಮನುಷ್ಯನಿಗೂ ಒಂದು ಕ್ರೆಡಿಟ್ ಕಾರ್ಡ್ ಇದೆ. ಅಮೀರ್‌ಪೇಟ್ ಮೆಟ್ರೊ ನಿಲ್ದಾಣದ ಕೆಳಗೆ ಕೊಡೆ ಹಾಕಿಕೊಂಡು ಕೂತವರು ಐದು ನಿಮಿಷದಲ್ಲಿ ಮಾಡಿಕೊಟ್ಟದ್ದು. ಮಗಳ ಕಾಲೇಜಿನ ಶುಲ್ಕಕ್ಕೆ ಅದು ಒದಗಿತು. ಆದರೆ ಆಗ ಬಿಲ್ಲಿನ ಕೊನೆಯ ದಿನ ತಿಂಗಳ ಎಂಟು. ಏಜೆನ್ಸಿ ಸಂಬಳ ಕೊಡುವುದು ಹತ್ತಕ್ಕೆ, ಅದೂ ಚೆಕ್ಕಿನಲ್ಲಿ. ಚೆಕ್ಕು ಖಾತೆಗೆ ಹಾಕಿ, ಹಣ ಬರುವ ಹೊತ್ತಿಗೆ ಹದಿಮೂರು, ಹದಿನಾಲ್ಕು. ಎರಡು ವರ್ಷದಲ್ಲಿ ಐದೈದು ನೂರರಂತೆ ಏಳು ಸಲ ದಂಡ ಕಟ್ಟಿದ್ದರು. ಕೊನೆಯ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿ ಎಂದು ಎರಡು ಅರ್ಜಿ ಕೊಟ್ಟರೂ ಉತ್ತರ ಬರಲಿಲ್ಲ. ಊರಿನವರ ಚೆಕ್ಕನ್ನೆಲ್ಲ ಹೊತ್ತು ಓಡುವವನ ಸ್ವಂತ ಬಿಲ್ಲು ಮೇಲಿಂದ ಮೇಲೆ ತಡವಾಗುತ್ತಿತ್ತು.

ಹೋದ ವರ್ಷದ ಆರಂಭದಲ್ಲಿ ಏಜೆನ್ಸಿಯ ಮೇಲ್ವಿಚಾರಕ ಶ್ರೀಹರ್ಷ ಮೌನಪ್ಪನವರಿಗೆ ಒಂದು ಹೊಸ ವೇಳಾಪಟ್ಟಿ ಕೊಟ್ಟರು. ಪಟಾನ್‌ಚೆರು ದಾರಿಯ ಆರು ಡಬ್ಬಿಗಳಿಗೆ ಇನ್ನು ದಿನಾ ಹೋಗುವುದು ಬೇಡ, ಮಂಗಳವಾರ ಮತ್ತು ಶುಕ್ರವಾರ ಹೋದರೆ ಸಾಕು, ಪೆಟ್ರೋಲ್ ಉಳಿಯುತ್ತದೆ ಎಂದರು. ಆದರೆ ಡಬ್ಬಿಗಳ ಮೇಲೆ ‘ಎಲ್ಲ ಕೆಲಸದ ದಿನಗಳಲ್ಲೂ ತೆಗೆಯಲಾಗುವುದು’ ಎಂಬ ಬರಹ ಹಾಗೆಯೇ ಇತ್ತು. ಅದನ್ನು ಬದಲಿಸಬೇಕಲ್ಲ ಎಂದು ಮೌನಪ್ಪ ಕೇಳಿದರು. ಅದು ನಿನ್ನ ಕೆಲಸವಲ್ಲ ಎಂಬ ಉತ್ತರ ಬಂತು. ಬೈಗುಳ ಮೂರು ಪಟ್ಟಾಯಿತು.

ಮಂದಾಕಿನಿಯವರು ಈ ಕಥೆಗೆ ಬರುವುದು ಇಲ್ಲಿಯೇ. ಅರವತ್ತಾರು ವರ್ಷದ ಮಂದಾಕಿನಿ ಬಾಗಲಕೋಟೆಯವರು. ಪಟಾನ್‌ಚೆರು ದಾರಿಯ ರಾಮಚಂದ್ರಾಪುರಂನ ಸರ್ಕಾರಿ ಸ್ವಾಮ್ಯದ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗಿದ್ದಾರೆ. ಹೋದ ವರ್ಷ ಅವರ ಪತಿ ಗುರುಸಿದ್ದಪ್ಪನವರ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಎಂಬತ್ತಾರು ಸಾವಿರದ ನಾನೂರು ರೂಪಾಯಿಯನ್ನು ಕಾರ್ಡಿನಲ್ಲಿ ಕಟ್ಟಿದರು. ಬಿಲ್ಲಿನ ಕೊನೆಯ ದಿನ ಜುಲೈ ತಿಂಗಳ ಒಂದು ಶುಕ್ರವಾರ. ಮೂರು ದಿನ ಮುಂಚಿತವಾಗಿ, ಮಂಗಳವಾರ ಮಧ್ಯಾಹ್ನ, ಪಟಾನ್‌ಚೆರುವಿನ ಎಟಿಎಂ ಡಬ್ಬಿಗೆ ಪೂರ್ತಿ ಮೊತ್ತದ ಚೆಕ್ಕು ಹಾಕಿ ಬಂದರು.

ಆ ಮಂಗಳವಾರ ಮೌನಪ್ಪ ಆ ಡಬ್ಬಿಯನ್ನು ತೆಗೆದದ್ದು ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ. ಮಂದಾಕಿನಿಯವರ ಚೆಕ್ಕು ಬಿದ್ದದ್ದು ಹನ್ನೆರಡೂ ಐವತ್ತಕ್ಕೆ. ಬುಧವಾರ, ಗುರುವಾರ ಅದು ಡಬ್ಬಿಯಲ್ಲೇ ಮಲಗಿತ್ತು. ಶುಕ್ರವಾರ ಕೇಂದ್ರಕ್ಕೆ ಬಂತು. ಮರುದಿನ ನಾಲ್ಕನೆಯ ಶನಿವಾರ, ರಜೆ. ಆಮೇಲೆ ಭಾನುವಾರ. ಸೋಮವಾರ ಕ್ಲಿಯರಿಂಗಿಗೆ ಹೋಗಿ ಮಂಗಳವಾರ ಹಣ ಜಮೆಯಾಯಿತು. ಮೂರು ದಿನದವರೆಗಿನ ತಡಕ್ಕೆ ದಂಡ ಹಾಕುವಂತಿಲ್ಲ. ಇದು ನಾಲ್ಕನೆಯ ದಿನ. ತಡದ ಶುಲ್ಕ ಸಾವಿರದ ಮುನ್ನೂರು, ಇಡೀ ಮೊತ್ತದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ತೆರಿಗೆ. ಎಲ್ಲ ಸೇರಿ ಆರು ಸಾವಿರದ ನೂರ ಎಂಬತ್ತಮೂರು ರೂಪಾಯಿ.

ಮಂದಾಕಿನಿ ಒಂಬತ್ತು ಸಲ ಫೋನ್ ಮಾಡಿದರು. ಒಂಬತ್ತೂ ಸಲ ಹೊಸಬರು, ಒಂಬತ್ತೂ ಸಲ ಮೊದಲಿನಿಂದ ಕಥೆ. ಪತ್ರ ಬರೆದರು. ಇಪ್ಪತ್ತು ದಿನದ ಮೇಲೆ ಬಂದ ಉತ್ತರದಲ್ಲಿ, ನಮ್ಮ ಡಬ್ಬಿಗಳನ್ನು ದಿನಾ ತೆಗೆಯಲಾಗುತ್ತದೆ, ಆದ್ದರಿಂದ ನೀವು ಚೆಕ್ ಹಾಕಿರುವುದು ಶುಕ್ರವಾರವೇ ಇರಬೇಕು ಎಂದಿತ್ತು. “ರೊಕ್ಕ ಹೋದ್ರ ಹೋಗ್ಲಿ ಅಂತ ಬಿಡ್ತಿದ್ನೋ ಏನೋ” ಎನ್ನುತ್ತಾರೆ ಮಂದಾಕಿನಿ. “ಸುಳ್ಳ ಹೇಳ್ತೀಯ ಅಂದ್ರು ನೋಡ್ರಿ, ಅದನ್ನ ಬಿಡಾಕ ಆಗ್ಲಿಲ್ಲ.”

ಸೆಪ್ಟೆಂಬರಿನ ಒಂದು ಬುಧವಾರ ಅವರು ಮಡಚುವ ಸ್ಟೂಲು, ನೀರಿನ ಬಾಟಲಿ, ಹೆಣಿಗೆಯ ಚೀಲ ಹಿಡಿದು ಪಟಾನ್‌ಚೆರುವಿನ ಆ ಎಟಿಎಂ ಮುಂದೆ ಬಂದು ಕೂತರು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಯಾರೂ ಬರಲಿಲ್ಲ. ಗುರುವಾರವೂ ಕೂತರು. ಯಾರೂ ಬರಲಿಲ್ಲ. ಮನೆಯಲ್ಲಿ ಕಾಲು ಚಾಚಿ ಕೂತ ಗುರುಸಿದ್ದಪ್ಪನವರು ಫೋನ್ ಮಾಡಿ, ಆ ಬ್ಯಾಂಕಿನವರು ನಿನಗೆ ಕಾವಲು ಕೆಲಸದ ಸಂಬಳವನ್ನಾದರೂ ಕೊಡುತ್ತಾರೇನು ಎಂದು ಕೇಳಿದರು. ಶುಕ್ರವಾರ ಹನ್ನೊಂದೂ ಕಾಲಿಗೆ ಮೊಪೆಡ್ ಬಂತು.

ಮಂದಾಕಿನಿ ಎರಡು ದಿನದ ಸಿಟ್ಟನ್ನೆಲ್ಲ ತೆಲುಗಿನಲ್ಲಿ ಸುರಿದರು. ಮೌನಪ್ಪ ತಲೆ ಬಗ್ಗಿಸಿ ಚೆಕ್ಕು ಎಣಿಸುತ್ತಾ, ದಿನಾ ಇದೇ ಆಯಿತು, ಯಾರ ಸಿಟ್ಟೋ ಯಾರ ಮೇಲೋ ಎಂದು ತಮ್ಮಷ್ಟಕ್ಕೆ ಗೊಣಗಿದರು. ಗೊಣಗಿದ್ದು ಕನ್ನಡದಲ್ಲಿ.

“ಕನ್ನಡದಾಂವ ಏನಪಾ ನೀನು?” ಎಂದರು ಮಂದಾಕಿನಿ. “ಹಂಗಾರ ಕನ್ನಡದಾಗನ ಬೈತೀನಿ, ಕೇಳು.”

“ಅಮ್ಮಾರ, ನನಗ ಬೈದ್ರ ನಿಮ್ಮ ರೊಕ್ಕ ಬರತಿದ್ರ ಇನ್ನೊಂದ ತಾಸು ಬೈರಿ, ನಿಂದ್ರತೀನಿ. ನಾ ಮಂಗಳವಾರ, ಶುಕ್ರವಾರ ಅಷ್ಟ ಬರಾಂವ. ಹಂಗ ಹೇಳ್ಯಾರ, ಹಂಗ ಮಾಡಾಕತ್ತೀನಿ.”

ಮಂದಾಕಿನಿ ಬೈಯುವುದನ್ನು ನಿಲ್ಲಿಸಿದರು. ಜುಲೈ ತಿಂಗಳ ಆ ಮಂಗಳವಾರ ಎಷ್ಟು ಗಂಟೆಗೆ ಬಂದಿದ್ದೆ, ನೆನಪಿದೆಯೇ ಎಂದು ಕೇಳಿದರು. ನೆನಪಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಮೌನಪ್ಪ ಡೈರಿ ತೆಗೆದು ಹಾಳೆ ತಿರುಗಿಸಿದರು. ಮಂಗಳವಾರ ಹನ್ನೊಂದು ಐದು, ಆರು ಚೆಕ್ಕು. ಅದರ ಕೆಳಗಿನ ಸಾಲು ನೇರ ಶುಕ್ರವಾರದ್ದು, ಹನ್ನೊಂದು ಇಪ್ಪತ್ತು, ಒಂಬತ್ತು ಚೆಕ್ಕು. ನಡುವಿನ ಎರಡು ದಿನ ಆ ಡಬ್ಬಿಯ ಹೆಸರೇ ಇಲ್ಲ. ತೋರಿಸಿದ ಮೇಲೆ ಅವರಿಗೆ ತಾನೇನು ತೋರಿಸಿದೆ ಎಂಬುದು ಹೊಳೆಯಿತು. ಮಂದಾಕಿನಿ ಆ ಹಾಳೆಯ ಫೋಟೊ ಬೇಕೆಂದಾಗ ಡೈರಿಯನ್ನು ಜೇಬಿಗೆ ಸೇರಿಸಿದರು. ಕೆಲಸ ಹೋಗುತ್ತದೆ, ಮಗಳ ಓದು ಇನ್ನೂ ಎರಡು ವರ್ಷ ಬಾಕಿ ಇದೆ ಎಂದು ಕೈ ಮುಗಿದರು. ಮಂದಾಕಿನಿ ಒತ್ತಾಯಿಸಲಿಲ್ಲ. ತಮ್ಮ ಫೋನ್ ನಂಬರು ಬರೆದುಕೊಟ್ಟು, ಸ್ಟೂಲು ಮಡಚಿ, ಬಸ್ ಹತ್ತಿ ಹೋದರು.

ಅವತ್ತು ಸಂಜೆ ಮೌನಪ್ಪ ಇದನ್ನೆಲ್ಲ ಶಂಕ್ರಮ್ಮನವರಿಗೆ ಹೇಳಿದರು. ಶಂಕ್ರಮ್ಮ ಹಾಸ್ಟೆಲಿನಿಂದ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದರು. ಕೆಲಸ ಹೋದರೆ ಮುಂದೇನು ಎಂಬ ಲೆಕ್ಕ ಇಬ್ಬರ ತಲೆಯಲ್ಲೂ ಓಡುತ್ತಿತ್ತು. ಮೂರು ದಿನ ಆ ಮಾತನ್ನು ಮನೆಯಲ್ಲಿ ಇಬ್ಬರೂ ಎತ್ತಲಿಲ್ಲ, ಆದರೆ ಮೌನಪ್ಪ ಸರಿಯಾಗಿ ಉಣ್ಣಲೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಹಾ ಕೊಡುತ್ತಾ ಶಂಕ್ರಮ್ಮ ಹೇಳಿದ ಮಾತನ್ನು ಅವರು ಇವತ್ತಿಗೂ ಹಾಗೆಯೇ ಒಪ್ಪಿಸುತ್ತಾರೆ:

“ಬರದದ್ದು ಖರೆ ಇದ್ರ ತೋರಸ್ರಿ. ಸುಳ್ಳಿದ್ರ ಹರದು ಒಲ್ಯಾಗ ಹಾಕ್ರಿ. ಎರಡೂ ಬಿಟ್ಟು ಜೇಬಿನ್ಯಾಗ ಇಟಗೊಂಡು ಯಾಕ ಅಡ್ಡಾಡತೀರಿ?”

ಅವತ್ತೇ ಮೌನಪ್ಪ ಪಟಾನ್‌ಚೆರು ದಾರಿಯ ಎಂಟು ತಿಂಗಳ ಹಾಳೆಗಳನ್ನೆಲ್ಲ ಫೋಟೊ ತೆಗೆದು ಮಂದಾಕಿನಿಯವರಿಗೆ ಕಳಿಸಿದರು. ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಗೆರೆ ಎಳೆದ ಕೈ ಅದು. ಮಂದಾಕಿನಿ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಿಂದ ಕಂಬಸಾಲು ಎಳೆದು, ಆರು ಡಬ್ಬಿಗಳ ಪ್ರತಿ ದಿನದ ಲೆಕ್ಕವನ್ನು ತುಂಬಿದರು. ತೆಗೆಯದ ದಿನಗಳಿಗೆ ಕೆಂಪು ಚುಕ್ಕೆ. ಹಾಳೆ ದಡಾರ ಬಂದ ಮೈಯಂತೆ ಕಾಣುತ್ತಿತ್ತು. ಅದನ್ನು ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಕಳಿಸಿ, ತಿಂಗಳೊಳಗೆ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಎಂದು ಬರೆದರು.

ಬ್ಯಾಂಕು ಮಾಡಿದ ಮೊದಲ ಕೆಲಸವೆಂದರೆ ಆ ದೂರನ್ನು ಏಜೆನ್ಸಿಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದು. ಸೆಪ್ಟೆಂಬರ್ ಕೊನೆಯ ವಾರ ಶ್ರೀಹರ್ಷ ಮೌನಪ್ಪನವರನ್ನು ಕರೆಸಿ ಕೀಲಿ ಗೊಂಚಲು ಇಡಿಸಿಕೊಂಡರು. ಕೂಗಾಡಲಿಲ್ಲ. ಕಂಪನಿಯ ಮಾಹಿತಿಯನ್ನು ಹೊರಗೆ ಕೊಟ್ಟಿದ್ದೀಯ, ಮುಂದಿನ ಆದೇಶದವರೆಗೆ ಬರಬೇಡ ಎಂದಷ್ಟೇ ಹೇಳಿದರು. ಅವರ ಮೇಲೆ ಮೌನಪ್ಪನವರಿಗೆ ಈಗ ಸಿಟ್ಟಿಲ್ಲ. “ಅವರಿಗೂ ಮ್ಯಾಲಿನಿಂದ ಫೋನ್ ಬರ್ತಾವ್ರಿ. ನನಗ ಡಬ್ಬಿ ಮುಂದ ಬೈತಾರ, ಅವರಿಗೆ ಎಸಿ ರೂಮಿನ್ಯಾಗ ಬೈತಾರ.”

ಇಪ್ಪತ್ತಮೂರು ದಿನ ಕೆಲಸವಿರಲಿಲ್ಲ. ಮೌನಪ್ಪ ಪರಿಚಯದ ಕಾವಲುಗಾರರು ರಜೆ ಹಾಕಿದ ಕಡೆ ಬದಲಿಯಾಗಿ ಕೂತರು. ಒಂದು ದಿನ ಮಾರುಕಟ್ಟೆಯಲ್ಲಿ ಈರುಳ್ಳಿ ಚೀಲ ಇಳಿಸಲು ಹೋಗಿ, ಭುಜ ಊದಿಕೊಂಡು ಎರಡು ದಿನ ಮಲಗಿದರು. ಅಕ್ಟೋಬರಿನ ಕಾರ್ಡ್ ಬಿಲ್ಲು ಮತ್ತೆ ತಡವಾಯಿತು, ಮತ್ತೆ ಐನೂರು ದಂಡ. ಇತ್ತ ಮಂದಾಕಿನಿ, ನನ್ನಿಂದ ಅವನ ಅನ್ನ ಹೋಯಿತಲ್ಲ ಎಂದು ನಿದ್ದೆಗೆಟ್ಟಿದ್ದರು. ದಿನಕ್ಕೊಂದು ಪತ್ರ ಬರೆದರು. ಮುಂಬೈ ಕಚೇರಿಗೆ ಬರೆದರು, ಅದರ ಮೇಲಿನವರಿಗೆ ಬರೆದರು. ಪ್ರತಿ ಪತ್ರದ ಕೊನೆಯಲ್ಲೂ ಒಂದೇ ಸಾಲು: ನಿಮ್ಮ ಎಟಿಎಂ ಕ್ಯಾಮೆರಾ ನೋಡಿರಿ. ಕ್ಯಾಮೆರಾದ ದೃಶ್ಯಗಳು ತೊಂಬತ್ತು ದಿನಕ್ಕೆ ಅಳಿಸಿಹೋಗುತ್ತವೆಂದು ಅಲ್ಲಿನ ಕಾವಲುಗಾರ ಅವರಿಗೆ ಹೇಳಿದ್ದ. ಎಣಿಸಿ ನೋಡಿದರೆ ಜುಲೈ ತಿಂಗಳ ಆ ಮಂಗಳವಾರಕ್ಕೆ ಉಳಿದದ್ದು ಹೆಚ್ಚು ದಿನಗಳಲ್ಲ.

ಮೂರು ದಿನ ಬಾಕಿ ಇರುವಾಗ ಬ್ಯಾಂಕಿನ ಒಳ ತಪಾಸಣೆ ವಿಭಾಗದಿಂದ ಸಂಯುಕ್ತಾ ಎಂಬ ಅಧಿಕಾರಿ ಬಂದರು. ಮೌನಪ್ಪನವರನ್ನು ಬೇಗಂಪೇಟೆಗೆ ಕರೆಸಿ, ಡೈರಿಗಳನ್ನೆಲ್ಲ ತರಲು ಹೇಳಿದರು. ಅಲ್ಲಿಯವರೆಗಿನ ಏಳು ಡೈರಿಗಳನ್ನು ಶಂಕ್ರಮ್ಮ ಹಳೆಯ ಸೀರೆಯಲ್ಲಿ ಕಟ್ಟಿಕೊಟ್ಟಿದ್ದರು. ಹಿಂದೆ ಚೆಕ್ಕು ಕಾಣೆಯಾದಾಗ ಮೌನಪ್ಪನವರನ್ನು ಕಳ್ಳನಂತೆ ಕೂರಿಸಿದ್ದ ಅದೇ ಕಟ್ಟಡ. ಸಂಯುಕ್ತಾ ಪಟಾನ್‌ಚೆರು ಕ್ಯಾಮೆರಾದ ದೃಶ್ಯಗಳನ್ನು ಒಂದು ಪರದೆಯ ಮೇಲೆ ಹಾಕಿಕೊಂಡು, ಪಕ್ಕದಲ್ಲಿ ಡೈರಿ ತೆರೆದು, ಒಂದೊಂದೇ ದಿನವನ್ನು ಹೋಲಿಸುತ್ತಾ ಹೋದರು. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮುಗಿದಾಗ ಮಧ್ಯಾಹ್ನ ಮೂರಾಗಿತ್ತು.

ಕ್ಯಾಮೆರಾ ಹೇಳಿದ ಸಮಯಕ್ಕೂ ಡೈರಿಯ ಸಮಯಕ್ಕೂ ನಾಲ್ಕು ನಿಮಿಷಕ್ಕಿಂತ ಹೆಚ್ಚಿನ ಅಂತರ ಒಂದು ದಿನವೂ ಇರಲಿಲ್ಲ. ಆ ಮಂಗಳವಾರ ಹನ್ನೆರಡೂ ಐವತ್ತಕ್ಕೆ ಕೊಡೆ ಹಿಡಿದು ಬಂದು ಡಬ್ಬಿಗೆ ಚೆಕ್ಕು ಹಾಕಿ, ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿರುವ ಮಂದಾಕಿನಿಯವರೂ ಪರದೆಯ ಮೇಲೆ ಕಂಡರು.

“ಆ ಮೇಡಂ ಕುರ್ಚಿ ಬಿಟ್ಟು ಎದ್ದು, ನಂದೊಂದು ಡೈರಿ ಎರಡೂ ಕೈಲೆ ಹಿಡದು ವಾಪಸ್ ಕೊಟ್ರು” ಎನ್ನುತ್ತಾರೆ ಮೌನಪ್ಪ. “ನನಗ ಅಷ್ಟ ಸಾಕಾತು.”

ಆಮೇಲಿನದು ಬ್ಯಾಂಕಿನ ವೇಗದಲ್ಲೇ ನಡೆಯಿತು, ಅಂದರೆ ನಡೆದೂ ನಡೆಯದಂತೆ. ದಿನಾ ತೆಗೆಯುತ್ತೇವೆಂದು ಬಿಲ್ ಮಾಡಿ ವಾರಕ್ಕೆರಡು ದಿನ ತೆಗೆದ ಏಜೆನ್ಸಿಗೆ ದಂಡ ಬಿತ್ತು. ಆ ದಾರಿಯಲ್ಲಿ ಚೆಕ್ಕು ಹಾಕಿ ತಡದ ಶುಲ್ಕ ಕಟ್ಟಿದ ಮುನ್ನೂರ ಹನ್ನೆರಡು ಜನರಿಗೆ ಹಣ ಮರಳಿಸಲು ತೀರ್ಮಾನವಾಯಿತು. ಮಂದಾಕಿನಿಯವರ ಆರು ಸಾವಿರದ ನೂರ ಎಂಬತ್ತಮೂರು ರೂಪಾಯಿ ಬರಲು ನಲವತ್ತೊಂದು ದಿನ ಹಿಡಿಯಿತು. ಅದೂ ಬಂದದ್ದು ಬ್ಯಾಂಕ್ ಖಾತೆಗಲ್ಲ, ಕಾರ್ಡಿಗೆ. ಅಲ್ಲಿಂದ ಖಾತೆಗೆ ತರಿಸಿಕೊಳ್ಳಲು ಇನ್ನೊಂದು ಅರ್ಜಿ, ಇನ್ನೂ ಹನ್ನೊಂದು ದಿನ. ಬ್ಯಾಂಕಿನವರು ತಡಮಾಡಿದ್ದಕ್ಕೆ ದಂಡವಿಲ್ಲವೇ ಎಂದು ಅವರು ಫೋನಿನಲ್ಲಿ ಕೇಳಿದರಂತೆ. ಆ ಕಡೆಯಿಂದ ಮತ್ತೆ ಸಂಗೀತ ಶುರುವಾಯಿತು.

ಮೌನಪ್ಪನವರನ್ನು ಕೆಲಸಕ್ಕೆ ವಾಪಸ್ ಕರೆಸಿಕೊಳ್ಳಬೇಕೆಂದು ಬ್ಯಾಂಕು ಏಜೆನ್ಸಿಗೆ ಬರೆಯಿತು. ಕೀಲಿ ಗೊಂಚಲು ಕೊಡುವಾಗ ಶ್ರೀಹರ್ಷ ಮುಖ ನೋಡಲಿಲ್ಲ, ಆದರೆ ಚಹಾ ತರಿಸಿದರು. ಇಪ್ಪತ್ತಮೂರು ದಿನದ ಸಂಬಳ ಮಾತ್ರ ಇನ್ನೂ ಬಂದಿಲ್ಲ. ಮೂರು ಅರ್ಜಿ ಕೊಟ್ಟಾಗಿದೆ. “ಕೇಳಿದಾಗೊಮ್ಮೆ ಪ್ರೊಸೆಸಿಂಗ್‌ನ್ಯಾಗ ಐತಿ ಅಂತಾರ್ರಿ. ಆ ಪ್ರೊಸೆಸಿಂಗ್ ಎಲ್ಲೈತಿ ಅಂತ ಹೇಳಿದ್ರ ನಾನ ಗಾಡಿ ತಗೊಂಡು ಹೋಗಿ ತರ್ತಿದ್ದೆ.” ಅವರ ಕಾರ್ಡಿನ ಕೊನೆಯ ದಿನ ಬದಲಾಗಿದೆ. ಅದು ಮಂದಾಕಿನಿಯವರ ಕೆಲಸ. ಒಂದು ಭಾನುವಾರ ಮೌನಪ್ಪ ದಂಪತಿಯನ್ನು ಊಟಕ್ಕೆ ಕರೆದು, ಜೋಳದ ರೊಟ್ಟಿ ಬಡಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಒಂದು ತಾಸು ಐದು ನಿಮಿಷ ಹಿಡಿದುಕೊಂಡು ಕೂತು ಎಂಟನೆಯ ತಾರೀಖನ್ನು ಹದಿನೆಂಟಕ್ಕೆ ಮಾಡಿಸಿದರು. ಆ ನಂತರ ದಂಡ ಬಿದ್ದಿಲ್ಲ.

ಈಗ ಚೆಕ್ಕು ಕೇಂದ್ರದ ಸ್ಕ್ಯಾನ್ ಯಂತ್ರಕ್ಕೆ ಸಿಕ್ಕ ದಿನವೇ ಕ್ಲಿಯರ್ ಆಗಬೇಕೆಂಬ ಹೊಸ ನಿಯಮ ಬಂದಿದೆ. ಒಳ್ಳೆಯದೇ ಅಲ್ಲವೇ ಎಂದೆ. ಮೌನಪ್ಪ ಅಮೀರ್‌ಪೇಟ್ ಸಿಗ್ನಲ್ಲಿನಲ್ಲಿ ಮೊಪೆಡ್ ನಿಲ್ಲಿಸಿಕೊಂಡು ನಕ್ಕರು. ಮುಂದೆ ನೂರು ಕಾರು, ಹಿಂದೆ ಹಾರ್ನು. “ಮಷೀನಿಗೆ ಹೋದ ಮ್ಯಾಲೆ ಜಲ್ದಿ ಆಕ್ಕೈತ್ರಿ. ಮಷೀನ್ ತನಕ ಒಯ್ಯಾಂವ ನಾನ ಅಲ್ಲೇನು? ಈ ಸಿಗ್ನಲ್ ಬಿಡಬೇಕಲ್ಲ.”

ಹನ್ನೊಂದೂ ಹತ್ತಕ್ಕೆ ಪಟಾನ್‌ಚೆರು ಮುಟ್ಟುತ್ತೇವೆ. ತಪಾಸಣೆಯ ನಂತರ ಈ ದಾರಿಯ ಡಬ್ಬಿಗಳನ್ನೂ ಮತ್ತೆ ದಿನಾ ತೆಗೆಯಲಾಗುತ್ತಿದೆ, ಪ್ರತಿ ಡಬ್ಬಿಯ ಬದಿಗೆ ಒಂದು ಕಾರ್ಡು ನೇತುಹಾಕಿದ್ದಾರೆ. ಇವತ್ತು ಎಷ್ಟು ಗಂಟೆಗೆ ತೆಗೆಯಲಾಯಿತು, ಯಾರು ತೆಗೆದರು ಎಂದು ಜನರಿಗೆ ಕಾಣುವಂತೆ ಬರೆಯಬೇಕು. ಅದಕ್ಕೆಂದೇ ಮೌನಪ್ಪನವರಿಗೆ ನೀಲಿ ಪೆನ್ನು ಕೊಟ್ಟಿದ್ದಾರೆ. ಹೆಸರಿನ ಜಾಗದಲ್ಲಿ ಅವರು ಕನ್ನಡದಲ್ಲಿ ಬರೆಯುತ್ತಾರೆ. ಈ ಊರಲ್ಲಿ ಇದನ್ನು ಯಾರು ಓದುತ್ತಾರೆ ಎಂದು ಏಜೆನ್ಸಿಯವರು ತಕರಾರು ತೆಗೆದಿದ್ದರಂತೆ. ಹೆಸರು ತೆಲುಗಿನಲ್ಲೂ ಬರೆಯುವುದನ್ನು ಅವರು ಕಲಿತರು. ಈಗ ಎರಡೂ ಬರೆಯುತ್ತಾರೆ.

ಕಾರ್ಖಾನೆಯ ಸಮವಸ್ತ್ರದ ಒಬ್ಬ ಹೆಂಗಸು ಬಂದು ಕಾರ್ಡು ಓದುತ್ತಾಳೆ, ಗಡಿಯಾರ ನೋಡಿಕೊಳ್ಳುತ್ತಾಳೆ. ಇನ್ನೂ ಮುಚ್ಚಿರದ ಡಬ್ಬಿಯ ಹತ್ತಿರ ನಿಂತು, ಚೆಕ್ಕನ್ನು ಮೌನಪ್ಪನವರ ಕೈಗೇ ಕೊಟ್ಟು ಹೋಗುತ್ತಾಳೆ. ಬೈಗುಳವಿಲ್ಲ. ಅವರು ಅದನ್ನು ಚೀಲಕ್ಕೆ ಸೇರಿಸಿ, ಎಣಿಕೆಯನ್ನು ಏಳರಿಂದ ಎಂಟಕ್ಕೆ ತಿದ್ದುತ್ತಾರೆ.

“ಮೊದಲ ನನ್ನ ಹೆಸರ ಯಾರಿಗೂ ಗೊತ್ತಿರಲಿಲ್ರಿ, ಆದ್ರೂ ಬೈತಿದ್ರು” ಎನ್ನುತ್ತಾರೆ ಸೀಲ್ ಒತ್ತುತ್ತಾ. “ಈಗ ಬೈಯಾಕ ಹೆಸರು ಬರದು ಹಚ್ಚೀನಿ. ಒಬ್ರೂ ಬೈಯವಲ್ರು.”